ಮುಂಬಯಿಯ ದುರಂತಕ್ಕೊಂದು ಸ್ಮಾರಕ ಶಿಲ್ಪ: ಪ್ರಸ್ತಾವ ಸಲ್ಲಿಸುವ ಬಗೆ

ಪ್ರತಿವರ್ಷ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ಸಪ್ತಾಹ ಆರಂಭವಾಗುವ ಹೊತ್ತಿಗೆ ಮುಂಬಯಿಯ ಕನ್ನಡ ಸಂಘಗಳ ಕಾರ್ಯಕರ್ತರಿಂದ, ಬಂದರಿನಲ್ಲಿ ದುಡಿದ ಹಿರಿಯರ ಮಕ್ಕಳು ಮೊಮ್ಮಕ್ಕಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. 1944ರ ವಿಕ್ಟೋರಿಯಾ ಡಾಕ್ ಸ್ಫೋಟದಲ್ಲಿ ಸತ್ತವರ ನೆನಪಿಗೆ ಸಾರ್ವಜನಿಕ ಜಾಗದಲ್ಲಿ ಶಿಲ್ಪವೊಂದನ್ನು ನಿಲ್ಲಿಸಬೇಕೆಂದಿದ್ದೇವೆ, ಅರ್ಜಿಯನ್ನು ಯಾರಿಗೆ ಕೊಡಬೇಕು, ಹೇಗೆ ಬರೆಯಬೇಕು ಎಂಬುದು ಆ ಪ್ರಶ್ನೆ. 1947ರ ಜುಲೈ 17ರಂದು ರೇವಸ್‌ಗೆ ಹೊರಟು ಸಮುದ್ರದಲ್ಲಿ ಮುಳುಗಿದ ರಾಮದಾಸ್ ಹಡಗಿನ ಬಗ್ಗೆ, ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ರ ಬಗ್ಗೆಯೂ ಹೀಗೆಯೇ ಕೇಳುವವರಿದ್ದಾರೆ. ಮೂರಕ್ಕೂ ದಾರಿ ಬಹುತೇಕ ಒಂದೇ ಆದ್ದರಿಂದ ಡಾಕ್ ಸ್ಫೋಟವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಕೇಳುವವರಲ್ಲಿ ಹೆಚ್ಚಿನವರು ಶಿಲ್ಪದ ಚಿತ್ರವನ್ನು ಮೊದಲೇ ಬರೆಸಿಟ್ಟುಕೊಂಡಿರುತ್ತಾರೆ. ಕೆಲವರು ಶಿಲ್ಪಿಗೆ ಮುಂಗಡವನ್ನೂ ಕೊಟ್ಟಿರುತ್ತಾರೆ. ಇಂಥ ಪ್ರಸ್ತಾವಗಳು ಕಡತದಲ್ಲೇ ಕೊಳೆಯುವುದಕ್ಕೆ ಮುಖ್ಯ ಕಾರಣ ಇದೇ. ಪಾಲಿಕೆಯಾಗಲಿ ಬಂದರು ಪ್ರಾಧಿಕಾರವಾಗಲಿ ಶಿಲ್ಪದ ಅಂದಚಂದವನ್ನು ಮೊದಲು ಕೇಳುವುದಿಲ್ಲ. ಜಾಗ ಯಾರದು, ಅರ್ಜಿದಾರರು ಯಾರು, ನಾಳೆ ಇದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುತ್ತದೆ. ಆದ್ದರಿಂದ ಕೆಳಗಿನ ಕ್ರಮದಲ್ಲಿ ಶಿಲ್ಪಿಯ ಹೆಸರು ಆರನೆಯ ಹಂತದಲ್ಲಿ ಬರುತ್ತದೆ. ಅದಕ್ಕೂ ಮೊದಲು ಅವರ ಮನೆಯ ಕದ ತಟ್ಟಬೇಡಿ.

ಹಂತ 1: ಘಟನೆಯ ದಾಖಲೆ ಕಟ್ಟಿಕೊಳ್ಳಿ

ಪ್ರಸ್ತಾವದ ಬೆನ್ನೆಲುಬು ನಾಲ್ಕೈದು ಪುಟಗಳ ಇತಿಹಾಸ ಟಿಪ್ಪಣಿ. ಅದರಲ್ಲಿ ಪ್ರತಿ ವಾಕ್ಯಕ್ಕೂ ಆಧಾರವಿರಬೇಕು, ಆಧಾರವಿಲ್ಲದ ಮಾತು ಎಷ್ಟೇ ಹೃದಯಸ್ಪರ್ಶಿಯಾಗಿದ್ದರೂ ಹೊರಗಿರಬೇಕು. ಡಾಕ್ ಸ್ಫೋಟದ ಮಟ್ಟಿಗೆ ನಿರ್ವಿವಾದವಾದ ಸಂಗತಿಗಳು ಹೀಗಿವೆ. ಫೋರ್ಟ್ ಸ್ಟಿಕಿನ್ ಎಂಬ ಸರಕು ಹಡಗು 1944ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟು, ಕರಾಚಿಯಲ್ಲಿ ಹತ್ತಿಯ ಮೂಟೆಗಳನ್ನು ತುಂಬಿಕೊಂಡು, ಏಪ್ರಿಲ್ 12ರಂದು ಮುಂಬಯಿಗೆ ಬಂತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ ಮತ್ತು ಮದ್ದುಗುಂಡುಗಳಿದ್ದವು. ಬೇಗ ಹೊತ್ತಿಕೊಳ್ಳುವ ಹತ್ತಿಯನ್ನು ಅದೇ ಹಡಗಿಗೆ ತುಂಬಿದ್ದೇ ಅನಾಹುತಕ್ಕೆ ದಾರಿಯಾಯಿತು. ಏಪ್ರಿಲ್ 14ರ ಮಧ್ಯಾಹ್ನ ಎರಡನೆಯ ಸರಕು ಕೋಣೆಯಿಂದ ಹೊಗೆ ಕಾಣಿಸಿಕೊಂಡಿತು. ಅಗ್ನಿಶಾಮಕ ದಳ ನೀರು ಹಾಯಿಸುತ್ತಿದ್ದಂತೆಯೇ ನಾಲ್ಕು ಗಂಟೆ ಆರು ನಿಮಿಷಕ್ಕೆ ಮೊದಲ ಸ್ಫೋಟವಾಯಿತು, ಅರ್ಧ ಗಂಟೆಯೊಳಗೆ ಎರಡನೆಯದು. ಶಿಮ್ಲಾದ ಭೂಕಂಪ ಮಾಪಕದಲ್ಲೂ ಅದರ ಕಂಪನ ದಾಖಲಾಯಿತು. 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಒಟ್ಟು ಸಾವಿನ ಅಂದಾಜು 800ರಿಂದ 1,300ರವರೆಗೆ ಇದೆ. ಸುಮಾರು 80,000 ಜನ ಮನೆ ಕಳೆದುಕೊಂಡರು.

ಹೀಗೆ ಅಂದಾಜುಗಳ ನಡುವೆ ಅಂತರವಿದ್ದಾಗ ದೊಡ್ಡ ಸಂಖ್ಯೆಯನ್ನೇ ಆರಿಸಿಕೊಳ್ಳುವುದು ನಮ್ಮವರಲ್ಲಿ ಸಾಮಾನ್ಯ. ಹಾಗೆ ಮಾಡಬೇಡಿ. ಎರಡೂ ತುದಿಗಳನ್ನು ಕೊಟ್ಟು, ಯಾವ ಸಂಖ್ಯೆ ಯಾವ ಕಡತದಿಂದ ಬಂದಿತೆಂದು ಬರೆಯಿರಿ. ಸಮಿತಿಯ ಸಭೆಯಲ್ಲಿ ಒಬ್ಬ ಸದಸ್ಯರು ಒಂದು ಅಂಕಿಯನ್ನು ಪ್ರಶ್ನಿಸಿ, ಅದಕ್ಕೆ ಉತ್ತರವಿಲ್ಲದೆ ನೀವು ತಡವರಿಸಿದರೆ ಉಳಿದ ಪುಟಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ದಾಖಲೆ ಹುಡುಕುವವರು ಸಾಮಾನ್ಯವಾಗಿ ಏಪ್ರಿಲ್ 15ರ ದಿನಪತ್ರಿಕೆಗಳನ್ನು ತೆರೆದು, ಏನೂ ಸಿಗದೆ ನಿರಾಶರಾಗುತ್ತಾರೆ. ಯುದ್ಧಕಾಲದ ಸೆನ್ಸಾರ್ ಇದ್ದುದರಿಂದ ಈ ಸ್ಫೋಟದ ವಿವರವಾದ ಸುದ್ದಿಗೆ ವಾರಗಟ್ಟಲೆ ತಡೆಯಿತ್ತು. ಮೇ ತಿಂಗಳ ಸಂಚಿಕೆಗಳನ್ನು ನೋಡಿ. ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಮತ್ತು ಟೌನ್ ಹಾಲ್‌ನ ಏಷ್ಯಾಟಿಕ್ ಸೊಸೈಟಿ ಗ್ರಂಥಾಲಯ, ಇವೆರಡರಿಂದ ಆರಂಭಿಸುವುದು ಒಳ್ಳೆಯದು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಅಥವಾ ಇತಿಹಾಸ ವಿಭಾಗದ ಅಧ್ಯಾಪಕರೊಬ್ಬರಿಂದ ಟಿಪ್ಪಣಿಯನ್ನು ಪರಿಶೀಲಿಸಿದ ಪತ್ರ ಪಡೆದರೆ ಕಡತಕ್ಕೆ ತೂಕ ಬರುತ್ತದೆ.

ಮನೆಮನೆಗಳಲ್ಲಿ ಉಳಿದಿರುವ ನೆನಪುಗಳನ್ನು, ಅಂದರೆ ಅಜ್ಜ ಡಾಕ್‌ಗೆ ಹೋದವರು ಮರಳಲಿಲ್ಲ ಎಂಬಂಥ ಮಾತುಗಳನ್ನು, ಪ್ರತ್ಯೇಕ ಅನುಬಂಧದಲ್ಲಿ ಸೇರಿಸಿ. ಹೇಳಿದವರ ಒಪ್ಪಿಗೆಯನ್ನು ಬರೆಹದಲ್ಲಿ ತೆಗೆದುಕೊಳ್ಳಿ. ಇವು ಅಮೂಲ್ಯವೇ ಆದರೂ ಸರ್ಕಾರಿ ದಾಖಲೆಯ ಜೊತೆ ಕಲಸಿದರೆ ಎರಡೂ ಕೆಡುತ್ತವೆ.

ಹಂತ 2: ಸ್ಮಾರಕ ಯಾರಿಗೆ ಎಂಬುದನ್ನು ಒಂದು ಪುಟದಲ್ಲಿ ಬರೆಯಿರಿ

ಅಧಿಕಾರಿ ಕೇಳಬಹುದಾದ ಮೊದಲ ಆಕ್ಷೇಪ ಇದು: ಅಗ್ನಿಶಾಮಕ ಸಿಬ್ಬಂದಿಯ ಸ್ಮಾರಕ ಬೈಕುಲಾದ ದಳದ ಕೇಂದ್ರ ಕಚೇರಿಯಲ್ಲಿ ಈಗಾಗಲೇ ಇದೆಯಲ್ಲ, ಇನ್ನೊಂದೇಕೆ? ಇದಕ್ಕೆ ನಿಮ್ಮಲ್ಲಿ ಉತ್ತರ ಸಿದ್ಧವಿರಲೇಬೇಕು. ನನ್ನ ಅಭಿಪ್ರಾಯದಲ್ಲಿ ಸರಿಯಾದ ಉತ್ತರ ಡಾಕ್‌ನ ಕೂಲಿಗಳು, ಖಲಾಸಿಗಳು, ಗೋದಾಮಿನ ಕೆಲಸಗಾರರು ಮತ್ತು ನೆರೆಯ ಬೀದಿಗಳ ನಿವಾಸಿಗಳಲ್ಲಿದೆ. ಸತ್ತವರಲ್ಲಿ ಹೆಚ್ಚಿನವರು ಇವರೇ. ದೇಶದ ನಾನಾ ಭಾಗಗಳಿಂದ ಹೊಟ್ಟೆಪಾಡಿಗೆ ಬಂದವರು. ಸಮವಸ್ತ್ರವಿಲ್ಲದ ಈ ಜನರ ಸಾವು ಅಗ್ನಿಶಾಮಕ ದಳದ ಆವರಣದೊಳಗಿನ ಸ್ಮಾರಕದ ವ್ಯಾಪ್ತಿಗೆ ಬರುವುದಿಲ್ಲವೆಂದು ಸ್ಪಷ್ಟವಾಗಿ, ಆದರೆ ಆ ಸ್ಮಾರಕವನ್ನು ಕೀಳುಮಾಡದೆ, ಬರೆಯಿರಿ.

ಕನ್ನಡಿಗರ ಸ್ಮಾರಕ ಎಂಬ ಹೆಸರಿನಲ್ಲಿ ಪ್ರಸ್ತಾವ ಮಾಡುವ ಆಸೆ ಹಲವರಿಗಿರುತ್ತದೆ. ಅದು ಪ್ರಸ್ತಾವವನ್ನು ಮುಳುಗಿಸುವ ದಾರಿ. ಅಂದು ಸತ್ತವರನ್ನು ಭಾಷೆಯ ಲೆಕ್ಕದಲ್ಲಿ ಬೇರ್ಪಡಿಸುವ ದಾಖಲೆಯೂ ಇಲ್ಲ, ಬೇರ್ಪಡಿಸುವುದು ಶೋಭೆಯೂ ಅಲ್ಲ. ಕನ್ನಡ ಸಂಘ ಮುಂದಾಳತ್ವ ವಹಿಸಬಹುದು. ಸ್ಮಾರಕ ಮಾತ್ರ ಊರಿನದಾಗಿರಲಿ.

ಹಂತ 3: ಅರ್ಜಿದಾರ ಸಂಸ್ಥೆಯನ್ನು ನಿರ್ಧರಿಸಿ

ವ್ಯಕ್ತಿಯೊಬ್ಬರು ಕೊಟ್ಟ ಅರ್ಜಿಗೆ ಆಯುಷ್ಯ ಕಡಿಮೆ. ಸಂಘ ನೋಂದಣಿ ಕಾಯ್ದೆ ಅಥವಾ 1950ರ ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಕಾಯ್ದೆಯ ಅಡಿ ನೋಂದಾಯಿತವಾದ, ಲೆಕ್ಕಪತ್ರ ಸರಿಯಾಗಿರುವ ಸಂಸ್ಥೆಯೇ ಅರ್ಜಿದಾರನಾಗಬೇಕು. ಇದಕ್ಕಾಗಿ ಹೊಸ ಸಂಸ್ಥೆ ಹುಟ್ಟುಹಾಕುವುದಕ್ಕಿಂತ, ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದಂಥ ಹಳೆಯ ಸಂಸ್ಥೆಗಳ ಕಾರ್ಯಕಾರಿ ಸಮಿತಿಯ ಮುಂದೆ ವಿಷಯವಿಟ್ಟು ಠರಾವು ಪಡೆಯಲು ಪ್ರಯತ್ನಿಸುವುದು ಸುಲಭ. ಸಂಸ್ಥೆಯ ಉದ್ದೇಶಗಳ ಪಟ್ಟಿಯಲ್ಲಿ ಕಲೆ ಅಥವಾ ಇತಿಹಾಸದ ಮಾತು ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಲೆಕ್ಕಪರಿಶೋಧನೆಯಲ್ಲಿ ತೊಡಕಾಗುತ್ತದೆ.

ಡಾಕ್ ಕಾರ್ಮಿಕರ ಸಂಘಟನೆಗಳ ಬೆಂಬಲ ಪತ್ರವಿಲ್ಲದೆ ಈ ವಿಷಯದಲ್ಲಿ ಹೆಜ್ಜೆ ಇಡಬೇಡಿ. ಬಂದರಿನ ಉದ್ದಕ್ಕೂ ಸಾಗುವ ರಸ್ತೆಗೆ ದಕ್ಷಿಣ ಕನ್ನಡ ಮೂಲದ ಕಾರ್ಮಿಕ ನಾಯಕ ಪಿ. ಡಿಮೆಲ್ಲೊ ಅವರ ಹೆಸರಿದೆ. ಆ ನಂಟನ್ನು ನೆನಪಿಸಿ ಮಾತು ಆರಂಭಿಸಬಹುದು. ಅಗ್ನಿಶಾಮಕ ದಳಕ್ಕೂ ಪತ್ರ ಬರೆದು ಅವರ ಅಭಿಪ್ರಾಯ ಕೇಳಿ. ಅವರನ್ನು ಬಿಟ್ಟು ನಡೆದರೆ ಅವರ ಬೇಸರ ನ್ಯಾಯವಾದದ್ದೇ.

ಹಂತ 4: ಜಾಗ

ಎಲ್ಲ ಹಂತಗಳಲ್ಲಿ ಹೆಚ್ಚು ಕಾಲ ಹಿಡಿಯುವುದು ಇದು, ಹೆಚ್ಚು ಜನ ಅವಸರಪಡುವುದೂ ಇಲ್ಲೇ.

ಮೊದಲು ಒಂದು ತಡೆಯನ್ನು ತಿಳಿದುಕೊಳ್ಳಿ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ, ರಸ್ತೆಬದಿ ಹಾಗೂ ಇತರ ಸಾರ್ವಜನಿಕ ಉಪಯೋಗದ ಸ್ಥಳಗಳಲ್ಲಿ ಪ್ರತಿಮೆ ನಿಲ್ಲಿಸಲು ಅಥವಾ ಕಟ್ಟಡ ಕಟ್ಟಲು ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಬೀದಿದೀಪ, ಸಂಚಾರ ವ್ಯವಸ್ಥೆ, ರಸ್ತೆಯ ಸುಂದರೀಕರಣ ಮೊದಲಾದವುಗಳಿಗೆ ಅದರಲ್ಲಿ ವಿನಾಯಿತಿಯಿದೆ, ಆದರೆ ಸ್ಮಾರಕವನ್ನು ಸುಂದರೀಕರಣವೆಂದು ತೋರಿಸಿ ಆ ಬಾಗಿಲಿನಿಂದ ನುಸುಳುವ ಉಪಾಯವನ್ನು ಯಾರು ಹೇಳಿಕೊಟ್ಟರೂ ಕೇಳಬೇಡಿ. ನಾಳೆ ಒಂದು ದೂರು ಬಂದರೆ ಶಿಲ್ಪ ಕೆಳಗಿಳಿಯುತ್ತದೆ. ಡಿಮೆಲ್ಲೊ ರಸ್ತೆಯ ಕಾಲುದಾರಿ, ಮಸ್ಜಿದ್ ಬಂದರ್ ನಿಲ್ದಾಣದ ಹೊರಗಿನ ಚೌಕ, ಮೇಲ್ಸೇತುವೆಯ ಕೆಳಗಿನ ತಾಣ ಎಂದು ನೀವು ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದರೆ ಅವನ್ನು ಈಗಲೇ ಬಿಟ್ಟುಬಿಡಿ. ಉದ್ಯಾನದ ಒಳಗೆ, ಸಂಸ್ಥೆಯೊಂದರ ಆವರಣದಲ್ಲಿ, ಸಾರ್ವಜನಿಕ ಕಟ್ಟಡದ ಅಂಗಳದಲ್ಲಿ ಹುಡುಕಿ.

ಎರಡನೆಯದು ಒಡೆತನ. ಮುಂಬಯಿಯ ಪೂರ್ವ ಕರಾವಳಿಯಲ್ಲಿ ಪಾಲಿಕೆ, ಬಂದರು ಪ್ರಾಧಿಕಾರ, ರೈಲ್ವೆ, ಜಿಲ್ಲಾಧಿಕಾರಿ, ಖಾಸಗಿ ಗುತ್ತಿಗೆದಾರರು ಇವರೆಲ್ಲರ ಜಾಗಗಳು ಒಂದಕ್ಕೊಂದು ತಾಗಿಕೊಂಡಿವೆ. ಗೋಡೆಯ ಈಚೆ ಒಬ್ಬರದು, ಆಚೆ ಇನ್ನೊಬ್ಬರದು. ವಾರ್ಡ್ ಕಚೇರಿಯ ಗುಮಾಸ್ತರು ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಅರ್ಜಿ ಬರೆಯಬೇಡಿ. ನಗರ ಭೂಮಾಪನ ಕಚೇರಿಯಿಂದ ಪ್ರಾಪರ್ಟಿ ಕಾರ್ಡ್ ತೆಗೆಸಿ. ಪ್ರಾಪರ್ಟಿ ಕಾರ್ಡ್ ಎಂದರೆ ನಮ್ಮೂರಿನ ಪಹಣಿಯಂತೆ ನಿವೇಶನದ ಒಡೆಯರು, ವಿಸ್ತೀರ್ಣ, ಗುತ್ತಿಗೆಗಳ ವಿವರವಿರುವ ಪತ್ರ. ಅದನ್ನು ಪಡೆಯಲು ನಿವೇಶನದ ಸಂಖ್ಯೆ ಬೇಕು: ದ್ವೀಪನಗರದಲ್ಲಿ, ಅಂದರೆ ಕೊಲಾಬಾದಿಂದ ಮಾಹಿಮ್ ಸಾಯನ್‌ವರೆಗೆ, ಅದನ್ನು ಸಿ.ಎಸ್. ನಂಬರ್ ಎನ್ನುತ್ತಾರೆ, ಉಪನಗರಗಳಲ್ಲಿ ಸಿ.ಟಿ.ಎಸ್. ನಂಬರ್. ಜೊತೆಗೆ ಪಾಲಿಕೆಯಿಂದ ಡಿ.ಪಿ. ರಿಮಾರ್ಕ್ ಪಡೆಯಿರಿ. 2034ರ ಅಭಿವೃದ್ಧಿ ಯೋಜನೆಯಲ್ಲಿ ಆ ಜಾಗವನ್ನು ಯಾವುದಕ್ಕೆ ಕಾದಿರಿಸಿದ್ದಾರೆ, ರಸ್ತೆ ಅಗಲೀಕರಣದ ಗೆರೆ ಅದರ ಮೇಲೆ ಹಾಯುತ್ತದೆಯೇ ಎಂಬುದನ್ನು ಅದು ತಿಳಿಸುತ್ತದೆ. ಇಂದು ಖಾಲಿ ಕಾಣುವ ಮೂಲೆ ನಾಳಿನ ರಸ್ತೆಯಾಗಿರಬಹುದು.

ದಾಖಲೆ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಇತಿಹಾಸವನ್ನೆಲ್ಲ ಬರೆದು ಕೊನೆಯಲ್ಲಿ ಪ್ರಶ್ನೆ ಕೇಳಿದರೆ ಅರ್ಜಿ ಹಿಂತಿರುಗುತ್ತದೆ. ಇಷ್ಟು ಸಾಕು: ಇಂಥ ಸಿ.ಎಸ್. ಸಂಖ್ಯೆಯ ನಿವೇಶನದ ಒಡೆತನ ಯಾರದು, ಸದ್ಯ ಯಾವ ಗುತ್ತಿಗೆ ಜಾರಿಯಲ್ಲಿದೆ, ಅದರ ನಿರ್ವಹಣೆ ಯಾವ ಖಾತೆಯದು. ಬಂದರು ಮತ್ತು ರೈಲ್ವೆ ಕೇಂದ್ರ ಸರ್ಕಾರದ ಅಧೀನವಾದ್ದರಿಂದ ಅವುಗಳ ಅರ್ಜಿ ಕೇಂದ್ರದ ಮಾಹಿತಿ ಹಕ್ಕು ಪೋರ್ಟಲ್‌ನಲ್ಲಿ ಹೋಗಬೇಕು, ರಾಜ್ಯದ ಪೋರ್ಟಲ್‌ನಲ್ಲಿ ಅಲ್ಲ.

ಸ್ಫೋಟವಾದ ಸ್ಥಳದಲ್ಲೇ ಶಿಲ್ಪ ನಿಲ್ಲಬೇಕೆಂದು ಪಟ್ಟು ಹಿಡಿಯುವವರಿದ್ದಾರೆ. ಭಾವನೆ ಅರ್ಥವಾಗುತ್ತದೆ. ಆದರೆ ಡಾಕ್‌ನ ಒಳಗೆ ಸಿ.ಐ.ಎಸ್.ಎಫ್. ಕಾವಲಿದೆ, ಪಾಸ್ ಇಲ್ಲದೆ ಪ್ರವೇಶವಿಲ್ಲ. ಅಲ್ಲಿ ನಿಲ್ಲಿಸಿದ ಶಿಲ್ಪವನ್ನು ನೋಡುವವರು ಯಾರು? ಬಂದರಿನ ಗೋಡೆಯ ಹೊರಗೆ, ನಡೆದು ತಲುಪಬಹುದಾದ ದೂರದಲ್ಲಿ, ಸಂಜೆ ಜನ ಕೂರುವ ಉದ್ಯಾನ ಸಿಕ್ಕರೆ ಅದನ್ನು ಆರಿಸಿ. ಪಾಲಿಕೆಯ ಉದ್ಯಾನವಾದರೆ ಮಸ್ಜಿದ್ ಬಂದರ್, ಡೋಂಗ್ರಿ ಭಾಗವನ್ನು ನೋಡಿಕೊಳ್ಳುವ ಬಿ ವಾರ್ಡ್ ಕಚೇರಿ ಮತ್ತು ಉದ್ಯಾನ ಖಾತೆ ಎರಡಕ್ಕೂ ಅರ್ಜಿ ಹೋಗಬೇಕು. ಬಂದರು ಪ್ರಾಧಿಕಾರವೂ ಕೊಲಾಬಾದ ಸಾಗರ ಉಪವನದಂಥ ಉದ್ಯಾನವನ್ನು ಹೊಂದಿದೆ. ಸ್ಥಳದಿಂದ ದೂರವಾದರೂ ಬಂದರಿನ ನಂಟಿರುವುದರಿಂದ ಎರಡನೆಯ ಆಯ್ಕೆಯಾಗಿ ಹೆಸರಿಸಬಹುದು. ಪ್ರಸ್ತಾವದಲ್ಲಿ ಒಂದೇ ಜಾಗವನ್ನು ತೋರಿಸದೆ ಮೂರನ್ನು ಆದ್ಯತೆಯ ಕ್ರಮದಲ್ಲಿ ಕೊಡಿ. ಒಂದನ್ನು ನಿರಾಕರಿಸುವುದು ಅಧಿಕಾರಿಗೆ ಸುಲಭ, ಮೂರನ್ನೂ ನಿರಾಕರಿಸಬೇಕಾದರೆ ಕಾರಣ ಬರೆಯಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ: ಜಾಗವನ್ನು ನಮಗೆ ಕೊಡಿ ಎಂದು ಎಲ್ಲೂ ಬರೆಯಬೇಡಿ. ಭೂಮಿ ಹಂಚಿಕೆ ಎಂಬ ಶಬ್ದ ಬಂದೊಡನೆ ಕಡತ ಬೇರೆಯದೇ ದಾರಿ ಹಿಡಿಯುತ್ತದೆ. ಒಡೆತನ ಇರುವವರಲ್ಲೇ ಇರಲಿ, ಇಷ್ಟು ಅಡಿ ಉದ್ದ ಇಷ್ಟು ಅಡಿ ಅಗಲದ ಪೀಠದ ಮೇಲೆ ಶಿಲ್ಪ ಸ್ಥಾಪಿಸಿ ಅದನ್ನು ನಿಮಗೇ ಒಪ್ಪಿಸುತ್ತೇವೆ ಎಂಬುದು ನಿಮ್ಮ ಕೋರಿಕೆಯಾಗಿರಲಿ.

ಹಂತ 5: ಯಾವ ಯಾವ ಒಪ್ಪಿಗೆ ಬೇಕು

ಮಹಾರಾಷ್ಟ್ರ ಸರ್ಕಾರವು ಮಹನೀಯರ ಪ್ರತಿಮೆಗಳ ಸ್ಥಾಪನೆಯ ಬಗ್ಗೆ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಜಾಗದ ಒಡೆತನದ ದಾಖಲೆ, ಸ್ಥಳೀಯ ಸಂಸ್ಥೆಯ ಠರಾವು, ಪೊಲೀಸರ ನಾಹರಕತ್ ಪತ್ರ, ಮಣ್ಣಿನ ಮಾದರಿಗೆ ಜೆ.ಜೆ. ಕಲಾಶಾಲೆಯ ಆವರಣದಲ್ಲಿರುವ ಕಲಾ ಸಂಚಾಲನಾಲಯದ ಒಪ್ಪಿಗೆ ಮುಂತಾದವು ಅದರಲ್ಲಿವೆ. ನಾಹರಕತ್ ಎಂದರೆ ನಮ್ಮ ಅಭ್ಯಂತರವಿಲ್ಲ ಎಂಬ ಲಿಖಿತ ಹೇಳಿಕೆ, ಎನ್.ಒ.ಸಿ. ನಿಮ್ಮದು ವ್ಯಕ್ತಿಯ ಪ್ರತಿಮೆಯಲ್ಲ, ಘಟನೆಯ ಸ್ಮಾರಕವೆಂದು ಅರ್ಜಿಯ ಮೊದಲ ಪ್ಯಾರಾದಲ್ಲೇ ಹೇಳಿ. ಹಾಗಿದ್ದರೂ ಮಾನವಾಕೃತಿಯಿರುವ ಯಾವ ಶಿಲ್ಪಕ್ಕೂ ಅಧಿಕಾರಿಗಳು ಇದೇ ಪಟ್ಟಿಯನ್ನು ಮುಂದಿಡುವ ಸಂಭವ ಹೆಚ್ಚಾದ್ದರಿಂದ, ಎಲ್ಲವನ್ನೂ ಸಿದ್ಧಮಾಡಿಕೊಳ್ಳುವುದೇ ಕ್ಷೇಮ.

ಜಾಗ ಪಾರಂಪರಿಕ ವಲಯದಲ್ಲಿದ್ದರೆ, ಉದಾಹರಣೆಗೆ ಫೋರ್ಟ್ ಅಥವಾ ಬೆಲಾರ್ಡ್ ಎಸ್ಟೇಟ್‌ನಲ್ಲಿ, ಮುಂಬಯಿ ಪಾರಂಪರಿಕ ಸಂರಕ್ಷಣಾ ಸಮಿತಿಯ ಅಭಿಪ್ರಾಯ ಬೇಕಾಗುತ್ತದೆ. ಸಮುದ್ರತೀರಕ್ಕೆ ಸಮೀಪವಿದ್ದರೆ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಅಂದರೆ ಸಿ.ಆರ್.ಝಡ್. ನಿಯಮ, ಅನ್ವಯಿಸುತ್ತದೆಯೇ ಎಂದು ವಾಸ್ತುಶಿಲ್ಪಿಯೊಬ್ಬರಿಂದ ಕೇಳಿ ತಿಳಿಯಿರಿ. ಎರಡೂ ಇಲ್ಲದ ಉದ್ಯಾನ ಸಿಕ್ಕರೆ ವರ್ಷದ ಕೆಲಸ ಉಳಿಯಿತೆಂದೇ ತಿಳಿಯಬಹುದು.

ಹಂತ 6: ಶಿಲ್ಪಿ, ಮಾದರಿ, ವಸ್ತು

ಈಗ ಶಿಲ್ಪಿಯನ್ನು ಹುಡುಕಿ. ಪರಿಚಯದವರೆಂಬ ಕಾರಣಕ್ಕೆ ಒಬ್ಬರನ್ನೇ ನೇಮಿಸುವ ಬದಲು, ಒಂದು ಪುಟದ ಬೇಡಿಕೆ ಪತ್ರ ಬರೆದು ಮೂರ್ನಾಲ್ಕು ಶಿಲ್ಪಿಗಳಿಂದ ಪುಟ್ಟ ಮಾದರಿಗಳನ್ನು ತರಿಸಿಕೊಳ್ಳಿ. ಆಯ್ಕೆಯಾಗದವರ ಮಾದರಿಗೂ ಗೌರವಧನ ಕೊಡಿ. ಬೇಡಿಕೆ ಪತ್ರದಲ್ಲಿ ಏನು ಕೆತ್ತಬೇಕೆಂದು ಹೇಳಬೇಡಿ, ಯಾರ ನೆನಪಿಗೆಂದು ಹೇಳಿ. ಸ್ಫೋಟದ ಜ್ವಾಲೆ, ಹಾರಿಬಂದ ಬಂಗಾರದ ಗಟ್ಟಿಗಳು ನೋಡಲು ಆಕರ್ಷಕವಾದರೂ ಸತ್ತವರನ್ನು ಹಿಂದಕ್ಕೆ ತಳ್ಳುತ್ತವೆ. ಆ ಹಡಗಿನಲ್ಲಿ ಬಂಗಾರವಿದ್ದದ್ದು ನಿಜ, ಜನ ಇಂದಿಗೂ ಮೊದಲು ಹೇಳುವುದು ಅದನ್ನೇ. ಅದಕ್ಕಾಗಿಯೇ ಶಿಲ್ಪದಲ್ಲಿ ಅದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಎದುರು ರೂತ್ ವಾಟರ್‌ಮನ್ ಎಂಬ ಕಲಾವಿದೆ 1985ರಲ್ಲಿ ನಿರ್ಮಿಸಿದ ತಾಯಿ ಮಗುವಿನ ಶಿಲ್ಪದ ಚಿತ್ರವನ್ನು ಸಮಿತಿಯವರಿಗೆ ತೋರಿಸಿ. ಎತ್ತರವಾಗಲಿ ವೈಭವವಾಗಲಿ ಇಲ್ಲದೆಯೂ ದುರಂತದ ಸ್ಮಾರಕ ಎಷ್ಟು ಹೇಳಬಲ್ಲದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ನಮ್ಮ ದೇಶದಲ್ಲಿಲ್ಲ. ಎತ್ತರದ ಮೋಹಕ್ಕೆ ಎದುರಾದ ಉದಾಹರಣೆಯೂ ಇಲ್ಲಿಯೇ ಇದೆ: ಮಾಲ್ವಣದ ರಾಜಕೋಟ್ ಕೋಟೆಯಲ್ಲಿ 2023ರ ಡಿಸೆಂಬರ್ 4ರಂದು ಅನಾವರಣಗೊಂಡ 35 ಅಡಿಯ ಶಿವಾಜಿ ಪ್ರತಿಮೆ 2024ರ ಆಗಸ್ಟ್ 26ರಂದು ಕುಸಿಯಿತು. ಅದಾದ ಮೇಲೆ ರಾಜ್ಯದಲ್ಲಿ ಯಾವ ಅಧಿಕಾರಿಯೂ ರಚನಾ ಎಂಜಿನಿಯರ್‌ರ ಪ್ರಮಾಣಪತ್ರ ನೋಡದೆ ಸಹಿ ಮಾಡಲಾರರು. ಗಾಳಿಯ ಒತ್ತಡದ ಲೆಕ್ಕಕ್ಕೆ ಮುಂಬಯಿಯ ಮೂಲ ವೇಗ ಸೆಕೆಂಡಿಗೆ 44 ಮೀಟರ್. ನಿಮ್ಮ ಎಂಜಿನಿಯರ್ ಕೊಟ್ಟ ಲೆಕ್ಕದಲ್ಲಿ ಈ ಅಂಕಿ ಇದೆಯೇ ನೋಡಿ. ಬಂದರಿನ ಸುತ್ತಲಿನ ನೆಲ ಸಮುದ್ರವನ್ನು ತುಂಬಿ ಮಾಡಿದ್ದಾದ್ದರಿಂದ ಮಣ್ಣಿನ ಪರೀಕ್ಷೆ ಮಾಡಿಸದೆ ಪೀಠದ ಅಡಿಪಾಯ ಹಾಕಬಾರದು.

ವಸ್ತುವಿನ ವಿಷಯದಲ್ಲಿ ಉಪ್ಪುಗಾಳಿಯೇ ನ್ಯಾಯಾಧೀಶ. ಸಾಧಾರಣ ಕಬ್ಬಿಣದ ಚೌಕಟ್ಟಿಗೆ ಬಣ್ಣ ಬಳಿದರೆ ಒಂದೆರಡು ಮಳೆಗಾಲಗಳಲ್ಲೇ ತುಕ್ಕು ಹೊರಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬಳಸುವುದಾದರೆ 304 ದರ್ಜೆ ಸಾಲದು, 316 ಬೇಕೆಂದು ಒಪ್ಪಂದದಲ್ಲೇ ಬರೆಯಿರಿ. ಕಂಚು ಬಾಳಿಕೆ ಬರುತ್ತದೆ, ಆದರೆ ಅದನ್ನು ಹಿಡಿದಿಡುವ ಬೋಲ್ಟುಗಳು ಕಬ್ಬಿಣದವಾಗಿದ್ದರೆ ಎರಡು ಲೋಹಗಳು ತಾಗಿದಲ್ಲಿ ಕಬ್ಬಿಣ ಬೇಗ ಸವೆಯುತ್ತದೆ. ಬಿಡಿಬಿಡಿ ಕಂಚಿನ ತುಣುಕುಗಳು ಕಳುವಾಗುವ ಭಯವೂ ಇದೆ. ಫೈಬರ್ ಅಗ್ಗವಾದರೂ ಬಿಸಿಲಿಗೆ ಬಿರುಕು ಬಿಡುತ್ತದೆ. ಕಗ್ಗಲ್ಲು ಅಥವಾ ಗ್ರಾನೈಟ್‌ನ ಕೆಲಸಕ್ಕೆ ನನ್ನ ಒಲವು. ಎಲ್ಲಕ್ಕಿಂತ ಮುಖ್ಯವಾಗಿ, ಶಿಲ್ಪದ ಯಾವ ಮಡಿಕೆಯಲ್ಲೂ ಮಳೆನೀರು ನಿಲ್ಲದಂತೆ ಮಾದರಿಯ ಮೇಲೆಯೇ ಒಂದು ಚೊಂಬು ನೀರು ಸುರಿದು ನೋಡಿ. ನೀರು ನಿಂತರೆ ಸೊಳ್ಳೆ, ಸೊಳ್ಳೆ ಕಂಡರೆ ಪಾಲಿಕೆಯ ಕೀಟನಾಶಕ ಖಾತೆಯ ನೋಟಿಸು.

ಶಿಲ್ಪಿಯೊಂದಿಗೆ ಬರೆಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಹಕ್ಕುಸ್ವಾಮ್ಯ ಕಾಯ್ದೆಯ 57ನೆಯ ಕಲಂ ಪ್ರಕಾರ, ಕೃತಿಯನ್ನು ಮಾರಿದ ಮೇಲೂ ಅದನ್ನು ವಿರೂಪಗೊಳಿಸುವುದರ ವಿರುದ್ಧ ಕಲಾವಿದರಿಗೆ ಹಕ್ಕಿದೆ. ದೆಹಲಿಯ ವಿಜ್ಞಾನ ಭವನದಿಂದ ತೆಗೆದುಹಾಕಿ ಹಾಳುಮಾಡಿದ ಭಿತ್ತಿಶಿಲ್ಪದ ಬಗ್ಗೆ ಅಮರನಾಥ ಸೆಹಗಲ್ ಹೂಡಿದ್ದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2005ರಲ್ಲಿ ಕಲಾವಿದರ ಪರವಾಗಿಯೇ ತೀರ್ಪು ಕೊಟ್ಟಿತು. ಆದ್ದರಿಂದ ಮುಂದೆ ಸ್ಥಳಾಂತರ ಅಥವಾ ದುರಸ್ತಿ ಬೇಕಾದರೆ ಯಾರನ್ನು ಕೇಳಬೇಕು, ಶಿಲ್ಪಿ ಇಲ್ಲದ ಕಾಲಕ್ಕೆ ಏನು ಎಂಬುದನ್ನು ಒಪ್ಪಂದದಲ್ಲೇ ತೀರ್ಮಾನಿಸಿಕೊಳ್ಳಬೇಕು.

ಹಂತ 7: ಫಲಕದ ಬರೆಹ

ಫಲಕವನ್ನು ಕೊನೆಯ ವಾರದ ಕೆಲಸವೆಂದು ಬಿಡಬೇಡಿ. ಬರೆಹದ ಕರಡು ಪ್ರಸ್ತಾವದ ಜೊತೆಗೇ ಹೋಗಬೇಕು. ಯಾರ ಮೇಲೂ ಆರೋಪ ಬೇಡ. ಲಂಡನ್ನಿನ 1666ರ ಮಹಾಬೆಂಕಿಯ ಸ್ಮಾರಕ ಸ್ತಂಭದ ಮೇಲೆ ಕೆಥೊಲಿಕರೇ ಬೆಂಕಿ ಹಚ್ಚಿದರೆಂಬ ಸುಳ್ಳು ಸಾಲನ್ನು 1681ರಲ್ಲಿ ಸೇರಿಸಿದ್ದರು; ಅದನ್ನು ಕೊನೆಗೆ ಅಳಿಸಿದ್ದು 1830ರಲ್ಲಿ. ಕಲ್ಲಿನಲ್ಲಿ ಬರೆದದ್ದನ್ನು ತಿದ್ದುವುದು ಅಷ್ಟು ಕಷ್ಟ.

ಕರಡು ಹೀಗಿರಬಹುದು: 1944ರ ಏಪ್ರಿಲ್ 14ರಂದು ಇಲ್ಲಿಗೆ ಸಮೀಪದ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಎರಡು ಬಾರಿ ಸ್ಫೋಟಿಸಿತು. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ, ಡಾಕ್‌ನ ಕಾರ್ಮಿಕರು, ನಾವಿಕರು, ನೆರೆಯ ನಿವಾಸಿಗಳು ಸೇರಿ ನೂರಾರು ಜನ ಸತ್ತರು. ಇಷ್ಟೇ. ದಾನಿಗಳ ಹೆಸರು, ಉದ್ಘಾಟಕರ ಹೆಸರು ಇದೇ ಫಲಕದ ಮೇಲೆ ಬರಬಾರದು; ಬೇಕೇಬೇಕಾದರೆ ಪೀಠದ ಹಿಂಬದಿಯಲ್ಲಿ ಚಿಕ್ಕದಾಗಿ ಹಾಕಿ. ಭಾಷೆ ಮರಾಠಿ ಮೊದಲು, ಅನಂತರ ಇಂಗ್ಲಿಷ್ ಮತ್ತು ಹಿಂದಿ. ಕನ್ನಡವೂ ಇರಲೆಂಬ ಹಂಬಲ ಸಹಜ, ಆದರೆ ಒಂದು ಭಾಷೆಗೆ ಜಾಗ ಕೇಳಿದರೆ ಹತ್ತು ಭಾಷೆಯವರು ಕೇಳುತ್ತಾರೆ, ಅವರ ಕೇಳಿಕೆಯೂ ಅಷ್ಟೇ ನ್ಯಾಯವಾದದ್ದು. ಫಲಕದಲ್ಲಿ ಕ್ಯೂ.ಆರ್. ಕೋಡ್ ಇಟ್ಟು ಕನ್ನಡ, ಗುಜರಾತಿ, ಕೊಂಕಣಿ, ಉರ್ದು ಪಠ್ಯಗಳನ್ನು ಅದರ ಮೂಲಕ ಕೊಡುವುದು ಜಗಳವಿಲ್ಲದ ದಾರಿ.

ಹಂತ 8: ಹಣ

ಶಿಲ್ಪದ ವೆಚ್ಚ, ಪೀಠ ಮತ್ತು ಅಡಿಪಾಯ, ಸಾಗಣೆ ಮತ್ತು ಕ್ರೇನ್, ಎಂಜಿನಿಯರ್ ಶುಲ್ಕ, ವಿಮೆ, ನಿರ್ವಹಣಾ ನಿಧಿ ಎಂದು ಆರು ತಲೆಬರೆಹಗಳಲ್ಲಿ ಅಂದಾಜುಪಟ್ಟಿ ಮಾಡಿ. ಕೊನೆಯದನ್ನು ಬಿಟ್ಟ ಪ್ರಸ್ತಾವ ಅಪೂರ್ಣ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ, ಅಂದರೆ ಸಿ.ಎಸ್.ಆರ್. ಹಣ, ಪರಂಪರೆ ಮತ್ತು ಕಲೆಯ ರಕ್ಷಣೆಗೆ ಬಳಕೆಯಾಗಬಹುದು. ಅದನ್ನು ಪಡೆಯುವ ಸಂಸ್ಥೆ ಸಿ.ಎಸ್.ಆರ್.-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಸಂಸದರ ಸ್ಥಳೀಯ ಅಭಿವೃದ್ಧಿ ನಿಧಿಯಿಂದ ಸ್ಮಾರಕಗಳಿಗೆ ಹಣ ಕೊಡಲು ನಿಯಮ ಬಿಡುವುದಿಲ್ಲವಾದ್ದರಿಂದ ಆ ಕಡೆ ಅಲೆದು ದಣಿಯಬೇಡಿ. ಚಂದಾ ಎತ್ತುವುದಾದರೆ ನೋಂದಾಯಿತ ಸಂಸ್ಥೆಯ ರಸೀದಿಯ ಮೂಲಕವೇ ಎತ್ತಿ.

ಹಂತ 9: ಸಲ್ಲಿಕೆ ಮತ್ತು ಬೆನ್ನುಹತ್ತುವುದು

ಮುಖಪತ್ರ ಮರಾಠಿಯಲ್ಲಿರಲಿ, ಎರಡು ಪುಟ ಮೀರದಿರಲಿ. ಅದರ ಹಿಂದೆ ಇತಿಹಾಸ ಟಿಪ್ಪಣಿ, ಸಂಸ್ಥೆಯ ಠರಾವು, ಮೂರು ಜಾಗಗಳ ನಕ್ಷೆ ಮತ್ತು ಪ್ರಾಪರ್ಟಿ ಕಾರ್ಡ್, ಬೆಂಬಲ ಪತ್ರಗಳು, ಮಾದರಿಯ ಚಿತ್ರ, ಎಂಜಿನಿಯರ್‌ರ ಟಿಪ್ಪಣಿ, ಫಲಕದ ಕರಡು, ಅಂದಾಜುಪಟ್ಟಿ, ನಿರ್ವಹಣೆಯ ಹೊಣೆಪತ್ರ ಈ ಕ್ರಮದಲ್ಲಿ. ಪ್ರತಿ ಪುಟಕ್ಕೂ ಸಂಖ್ಯೆ ಹಾಕಿ. ಜಾಗದ ಒಡೆಯರಿಗೆ ಮೂಲಪ್ರತಿ, ವಾರ್ಡಿನ ಸಹಾಯಕ ಆಯುಕ್ತರಿಗೆ ಒಂದು ಪ್ರತಿ, ನಗರಸೇವಕರಿಗೆ ಮತ್ತು ಶಾಸಕರಿಗೆ ಮಾಹಿತಿಗಾಗಿ ಒಂದೊಂದು.

ಕೊಟ್ಟ ಕೂಡಲೇ ಆವಕ ಜಾವಕ ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಸಾಹೇಬರ ಮೇಜಿನ ಮೇಲೆ ನೇರವಾಗಿ ಇಟ್ಟುಬಂದೆವು ಎಂಬುದು ಹೆಮ್ಮೆಯ ಮಾತಲ್ಲ. ಸಂಖ್ಯೆಯಿಲ್ಲದ ಕಾಗದ ಕಚೇರಿಯ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ಚುನಾವಣೆಯ ನೀತಿ ಸಂಹಿತೆ ಜಾರಿಯಲ್ಲಿರುವಾಗ ಸಲ್ಲಿಸಬೇಡಿ. ನಿರಾಕರಣೆ ಬಂದರೆ ಕಾರಣವನ್ನು ಲಿಖಿತವಾಗಿ ಕೇಳಿ, ಆ ಒಂದು ಕಾರಣವನ್ನು ಸರಿಪಡಿಸಿ, ಹಳೆಯ ಆವಕ ಸಂಖ್ಯೆಯನ್ನು ಉಲ್ಲೇಖಿಸಿ ಮತ್ತೆ ಕೊಡಿ.

ಹಂತ 10: ಸ್ಥಾಪನೆ ಮತ್ತು ಹಸ್ತಾಂತರ

ಮಳೆಗಾಲದಲ್ಲಿ ನೆಲ ಅಗೆಯುವ ಕೆಲಸ ಇಟ್ಟುಕೊಳ್ಳಬೇಡಿ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಅವಧಿ ಸೂಕ್ತ. ಅಗೆಯುವ ಮುನ್ನ ನೀರಿನ ಕೊಳವೆ, ವಿದ್ಯುತ್ ಕೇಬಲ್ ಎಲ್ಲಿ ಹಾದಿವೆ ಎಂದು ಆಯಾ ಖಾತೆಗಳಿಂದ ಗುರುತು ಮಾಡಿಸಿ. ಸ್ಥಾಪನೆಯಾದ ಮೇಲೆ ಹಸ್ತಾಂತರ ಪತ್ರಕ್ಕೆ ಎರಡೂ ಕಡೆಯವರ ಸಹಿ ಬೀಳಬೇಕು: ಒಡೆತನ ಜಾಗದವರದು, ನಿರ್ವಹಣೆ ಇಂತಿಷ್ಟು ವರ್ಷ ಅರ್ಜಿದಾರ ಸಂಸ್ಥೆಯದು, ಹಾನಿಯಾದರೆ ತಿಳಿಸಬೇಕಾದ ಹುದ್ದೆ ಇದು ಎಂದು. ವ್ಯಕ್ತಿಯ ಹೆಸರು ಹಾಕದೆ ಹುದ್ದೆಯನ್ನೇ ಬರೆಯಿರಿ, ಅಧಿಕಾರಿಗಳು ಬದಲಾಗುತ್ತಲೇ ಇರುತ್ತಾರೆ.

ನಿರ್ವಹಣಾ ನಿಧಿಯನ್ನು ನಿಶ್ಚಿತ ಠೇವಣಿಯಲ್ಲಿಟ್ಟು ಬಡ್ಡಿಯಿಂದಷ್ಟೇ ಖರ್ಚು ಮಾಡಿ. ಪ್ರತಿವರ್ಷ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಶಿಲ್ಪವನ್ನು ಸಿಹಿನೀರಿನಿಂದ ತೊಳೆಸಿ, ಬೋಲ್ಟು ಮತ್ತು ಕೀಲುಗಳನ್ನು ಎಂಜಿನಿಯರ್ ಒಬ್ಬರಿಂದ ನೋಡಿಸಿ, ಕಂಚಾದರೆ ಮೇಣದ ಲೇಪ ಹಚ್ಚಿಸಿ, ನಾಲ್ಕೂ ಬದಿಯ ಫೋಟೊಗಳೊಂದಿಗೆ ಒಂದು ಪುಟದ ವರದಿಯನ್ನು ಜಾಗದ ಒಡೆಯರ ಕಚೇರಿಗೆ ಕೊಡಿ, ಅದಕ್ಕೂ ಆವಕ ಸಂಖ್ಯೆ ಹಾಕಿಸಿಕೊಳ್ಳಿ.